ಸೋಮವಾರ ಜೆಸಿಬಿ ಬರುತ್ತದೆ: ಅಜ್ಜನ ಕಾಲದ ಬದು ಉಳಿಸಲೋ, ಕೆಡವಿಸಲೋ?

ಎರೆಹೊಲದವ (ಕುಕನೂರು), ಬುಧವಾರ ರಾತ್ರಿ

ಎಲ್ಲರಿಗೂ ಶರಣು. ನಾಲ್ಕು ದಿನಗಳಿಂದ ಮನೆಯಲ್ಲಿ ಊಟಕ್ಕೆ ಕುಳಿತರೂ ಒಂದೇ ಮಾತು, ಅಂಗಳದಲ್ಲಿ ಹಾಸಿಗೆ ಹಾಸಿದರೂ ಅದೇ ಮಾತು. ನನ್ನ ಬುದ್ಧಿ ಸಾಲದೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಒಟ್ಟು ಹನ್ನೊಂದು ಎಕರೆ ಒಣಬೇಸಾಯ. ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣು), ಏಳು ಎಕರೆ ಎರೆ (ಕಪ್ಪು ಮಣ್ಣು). ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ಶೇಂಗಾ. ಎರೆಯಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ. ಬೇಸಾಯ ಮಾಡುವವನು ನನ್ನ ತಮ್ಮ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ರವಿವಾರ ಹೊಲಕ್ಕೆ ಹೋಗಿ, ಬದುವಿನ ಮೇಲೆ ಕುಳಿತು ಬುತ್ತಿ ಉಂಡು ಬರುವವನು. ಬೆವರು ಅವನದು, ಬಾಯಿ ನನ್ನದು. ಹೊಲದ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಎಷ್ಟು ತೂಕ ಇರಬಹುದೆಂದು ನೀವೇ ಊಹಿಸಿಕೊಳ್ಳಿ.

ಮಸಾರಿ ಮೇಲೆ, ಎರೆ ಕೆಳಗೆ. ಎರಡರ ನಡುವೆ ಇಳಿಜಾರಿಗೆ ಅಡ್ಡವಾಗಿ ಅಜ್ಜ ಹಾಕಿಸಿದ ಬದು ಇದೆ. ಮೊನ್ನೆ ಟೇಪು ಹಿಡಿದು ಅಳೆದೆ. ಉದ್ದ 660 ಅಡಿ, ಅಗಲ ಸುಮಾರು 12 ಅಡಿ. ನಡುವೆ ಒಂದು ಬನ್ನಿ ಗಿಡ, ಮಹಾನವಮಿಗೆ ಅವ್ವ ಪೂಜೆ ಮಾಡುವುದು ಅದಕ್ಕೇ. ಎರಡು ಬೇವು, ನಾಲ್ಕೈದು ಬಾರಿ (ಬೋರೆ) ಗಿಡ, ಕಾರೆ ಪೊದೆ, ಉದ್ದಕ್ಕೂ ತಂಗಡಿ. ಪಡುವಣ ತುದಿಯಲ್ಲಿ ಎಂಬತ್ತು ಅಡಿಯಷ್ಟು ಬಳ್ಳಾರಿ ಜಾಲಿ. ಅದರೊಳಗೆ ಬೆಕ್ಕು ಕೂಡ ನುಗ್ಗಲಾರದು. ಬದುವಿನ ಮೇಲೆ ನಡೆದು ಹೋದರೆ ಕಾಲಬುಡದಿಂದಲೇ ಬುರ್ಲಿ ಹಕ್ಕಿಗಳು ಬುರ್ರೆಂದು ಏಳುತ್ತವೆ. ನಲವತ್ತು ವರ್ಷಗಳಿಂದ ನೋಡುತ್ತಿದ್ದರೂ ಪ್ರತಿ ಸಲ ನಾನು ಬೆಚ್ಚಿಬೀಳುತ್ತೇನೆ. ಒಂದು ಬಾರಿ ಗಿಡದ ಬುಡದಲ್ಲಿ ದೊಡ್ಡ ಗುದ್ದು (ಬಿಲ) ಇದೆ, ಕೊಡದ ಬಾಯಿಯಷ್ಟು ಅಗಲ. ಸಂಕ್ರಾಂತಿಯ ಆಚೀಚೆ ಒಂದು ಸಂಜೆ, ಹೊತ್ತು ಮುಳುಗುವಾಗ, ಅದೇ ಜಾಗದಿಂದ ಒಂದು ನರಿ ಹೊರಟು, ಕಡಲೆ ಹೊಲದ ಅಂಚಿನಲ್ಲಿ ನಿಂತು, ತಿರುಗಿ ನನ್ನನ್ನು ನೋಡಿತು. ಬಾಲದ ತುದಿ ಕಪ್ಪು. ಅಂದಿನಿಂದ ಅದು ನನ್ನ ನರಿ.

ತಮ್ಮನ ವಾದ ಹೀಗಿದೆ. ಬದು ತೆಗೆದರೆ ಅರ್ಧ ಎಕರೆ ಸಿಗುತ್ತದೆ, ಟ್ರ್ಯಾಕ್ಟರ್ ಸಲೀಸಾಗಿ ತಿರುಗುತ್ತದೆ, ಚಿಗರಿಗಳಿಗೂ (ಕೃಷ್ಣಮೃಗ) ಹಂದಿಗಳಿಗೂ ಅಡಗಲು ಜಾಗವಿರುವುದಿಲ್ಲ, ಇಲಿ ಕಡಿಮೆಯಾಗುತ್ತವೆ. ಇದರಲ್ಲಿ ಅರ್ಧ ಎಕರೆಯ ಮಾತು ಮಾತ್ರ ನನ್ನ ಕೈಗೆ ಸಿಕ್ಕಿತು. 660ನ್ನು 12ರಿಂದ ಗುಣಿಸಿದರೆ 7,920 ಚದರ ಅಡಿ. ಗುಂಟೆಗೆ 1,089ರಂತೆ ಏಳೂಕಾಲು ಗುಂಟೆ ಆಯಿತು, ಇಪ್ಪತ್ತು ಗುಂಟೆ ಅಲ್ಲ. ನಮ್ಮಲ್ಲಿ ಒಳ್ಳೆಯ ವರ್ಷ ಎಕರೆಗೆ ಐದು ಕ್ವಿಂಟಲ್ ಕಡಲೆ. ಏಳೂಕಾಲು ಗುಂಟೆಗೆ ಒಂದು ಕ್ವಿಂಟಲ್ ಕೂಡ ತುಂಬುವುದಿಲ್ಲ. ಜೆಸಿಬಿಗೆ ಗಂಟೆಗೆ 1,200 ರೂಪಾಯಿ ಬಾಡಿಗೆ. ಒಂದು ಹಗಲು ಓಡಿದರೆ ಆ ಏಳೂಕಾಲು ಗುಂಟೆಯ ಎರಡು ವರ್ಷದ ಕಡಲೆ ಅದರ ಬಾಡಿಗೆಗೇ ಹೋಗುತ್ತದೆ. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. “ಹತ್ತನೇ ತರಗತಿಗೆ ಚೆನ್ನಾಗಿದೆ” ಎಂದು ಅದೇ ಕಾಗದದಲ್ಲಿ ರೊಟ್ಟಿ ಸುತ್ತಿಕೊಂಡು ಹೊಲಕ್ಕೆ ಹೋದ.

ಇನ್ನೊಂದು ಮಾತು. ಕಳೆದ ಹಿಂಗಾರಿಯಲ್ಲಿ ಕಡಲೆಗೆ ಮೂರು ಸಲ ಎಣ್ಣೆ (ಕೀಟನಾಶಕ) ಹೊಡೆದೆವು. ಬದುವಿನ ಪಕ್ಕದ ಸಾಲುಗಳಲ್ಲಿ ತೂತು ಬಿದ್ದ ಕಾಯಿ ಕಡಿಮೆ ಎಂದು ನನಗೆ ಕಂಡಿತು. ತಮ್ಮನನ್ನು ಕರೆದು ತೋರಿಸಿದರೆ, “ನೆರಳಿಗೆ ಅಲ್ಲಿ ಕಾಯಿಯೇ ಕಡಿಮೆ, ತೂತು ಎಲ್ಲಿಂದ ಬರಬೇಕು” ಎಂದ. ಅವನ ಮಾತಿನಲ್ಲಿಯೂ ಹುರುಳಿದೆ.

ಬದುವಿನಿಂದ ಹೊಲಕ್ಕೆ ಲಾಭವೋ ನಷ್ಟವೋ, ಮಾಡಿ ನೋಡಿದವರು ಹೇಳಿ. “ಪ್ರಕೃತಿ ಮಾತೆ” ಎಂದು ಶುರುವಾಗುವ ಉತ್ತರ ಬೇಡ, ಅದನ್ನು ನಾನೇ ಹೇಳಿ ಸೋತಿದ್ದೇನೆ. ಜೊತೆಗೆ, ಚಳಿಗಾಲದಲ್ಲಿ ಕಡಲೆ ಹೊಲದ ಮೇಲೆ ಬಹಳ ಕೆಳಗೆ, ರೆಕ್ಕೆ ಬಡಿಯದೆ ತೇಲುತ್ತ ಹೋಗುವ ಬೂದು ಬಣ್ಣದ ಹದ್ದು ಯಾವುದೆಂದು ಗೊತ್ತಿದ್ದರೆ ತಿಳಿಸಿ.


ಸಜ್ಜೆರೊಟ್ಟಿ (ಕುಷ್ಟಗಿ)

ಮಹಾನವಮಿಗೆ ಪೂಜೆ ಮಾಡುವ ಬನ್ನಿ ಗಿಡಕ್ಕೆ ಜೆಸಿಬಿ ಹಚ್ಚುವ ಧೈರ್ಯ ನಿಮ್ಮ ತಮ್ಮನಿಗೆ ಇದೆಯೇ? ಇದ್ದರೂ ಜೆಸಿಬಿ ಚಾಲಕನಿಗೆ ಇರುವುದಿಲ್ಲ. ಬನ್ನಿಯ ಸುತ್ತಲಿನ ಮೂವತ್ತು ಅಡಿಯಂತೂ ಉಳಿಯಿತೆಂದು ತಿಳಿಯಿರಿ. ಉಳಿದದ್ದಕ್ಕೆ ಮಾತ್ರ ವಾದ ಮಾಡಿ.


ಬಲದಂಡೆ ಅಜ್ಜ (ಸಿರುಗುಪ್ಪ)

ತಮ್ಮಾ, ಮೊದಲು ನೀರಿನ ಮಾತು, ಹಕ್ಕಿಯ ಮಾತು ಆಮೇಲೆ.

ನಿನ್ನ ಬದು ಇಳಿಜಾರಿಗೆ ಅಡ್ಡ ಇದೆ ಎಂದು ನೀನೇ ಬರೆದಿದ್ದೀಯ. ಹಾಗಿದ್ದರೆ ನಿಮ್ಮ ಅಜ್ಜ ಅದನ್ನು ಸುಮ್ಮನೆ ಹಾಕಿಸಿರುವುದಿಲ್ಲ. ನಾನು 2008ರ ಬೇಸಿಗೆಯಲ್ಲಿ ಎರಡು ಹೊಲಗಳ ನಡುವಿನ ಬದು ತೆಗೆಸಿದೆ. ಆಗ ಎಲ್ಲರೂ ತೆಗೆಸುತ್ತಿದ್ದರು, ನನಗೂ ಹೊಲ ಒಂದೇ ಚೌಕವಾಗಿ ಕಾಣಬೇಕೆಂಬ ಹುಚ್ಚು. ಮರುವರ್ಷ, 2009ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರ್ ಮೊದಲಿಗೆ ಮುಗಿದ ಮಳೆ ನಿನಗೂ ನೆನಪಿರಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ, ವಿಜಾಪುರ ಎಲ್ಲ ಕಡೆ ಮನೆಗಳು ಬಿದ್ದವು. ನನ್ನ ಮನೆ ನಿಂತಿತು, ಹೊಲ ಹೋಯಿತು. ಮೇಲಿನ ಹೊಲದ ಮಣ್ಣು ಕೆಳಗಿನ ಹೊಲವನ್ನೂ ದಾಟಿ ಹಳ್ಳ ಸೇರಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ನಡುವೆ ಮೊಣಕಾಲುದ್ದದ ಕೊರಕಲು, ಅದರ ತಳದಲ್ಲಿ ಬಿಳಿ ಗರಸು. ಮತ್ತೆ ಬದು ಹಾಕಿಸಿ ಕಲ್ಲು ಕಟ್ಟಿಸಲು ಕೆಡವಿದ ಖರ್ಚಿನ ಹತ್ತು ಪಟ್ಟು ಬಿತ್ತು. ಈ ಲೆಕ್ಕವನ್ನು ನಿನ್ನ ಕಾಗದದ ಕೆಳಗೆ ಬರೆ. ಬೇಕಿದ್ದರೆ ಅದರಲ್ಲಿಯೂ ರೊಟ್ಟಿ ಸುತ್ತಿಕೊಳ್ಳಲಿ.

ಇನ್ನು ಕಾಯಿಕೊರಕ. ಆ ಹುಳು ತಲೆಯನ್ನು ಕಾಯಿಯೊಳಗೆ ತೂರಿಸಿ, ಹಿಂಭಾಗವನ್ನು ಹೊರಗೆ ಬಿಟ್ಟುಕೊಂಡು ತಿನ್ನುತ್ತದೆ. ಹಕ್ಕಿಗೆ ಅಷ್ಟು ಕಂಡರೆ ಸಾಕು. ಆದರೆ ಕಾಜಾಣ, ನೀಲಕಂಠ, ಗೊರವಂಕಗಳು ಬಂದು ಕುಳಿತು ನೋಡಲು ಎತ್ತರದ ಜಾಗ ಬೇಕು. ಕಡಲೆ ಗಿಡ ಮೊಣಕಾಲಿಗೂ ಬರುವುದಿಲ್ಲ, ಅದರ ಮೇಲೆ ಕೂರಲು ಆಗುವುದಿಲ್ಲ. ಅದಕ್ಕೆ ಬದುವಿನ ಗಿಡ, ಗಿಡ ದೂರವಾದರೆ ನೆಟ್ಟ ಟೊಂಗೆ. ಎಕರೆಗೆ ಹದಿನೈದು, ಇಪ್ಪತ್ತು ಒಣ ಟೊಂಗೆಗಳನ್ನು ಕವಲು ಮೇಲಾಗಿ ನೆಡು. ಬೆಳೆಗಿಂತ ಒಂದೆರಡು ಅಡಿ ಎತ್ತರವಿದ್ದರೆ ಸಾಕು. ಕಡಲೆ ಬಿತ್ತುವಾಗ ಅಲ್ಲಲ್ಲಿ ಜೋಳದ ಕಾಳು, ಕೊತ್ತಂಬರಿ ಬೀಜ ಬೆರೆಸು. ಜೋಳದ ದಂಟೇ ಟೊಂಗೆಯಾಗುತ್ತದೆ, ಕೊತ್ತಂಬರಿಯ ಹೂವಿಗೆ ಹುಳುವಿನ ವೈರಿಗಳಾದ ಸಣ್ಣ ಕಣಜಗಳು ಬರುತ್ತವೆ. ಬರೀ ಜೋಳದ ಹೊಲದಲ್ಲಿ ಮಾತ್ರ ಟೊಂಗೆ ನೆಡಬೇಡ. ನೆಟ್ಟಿದ್ದರೂ ಹಾಲುಗಾಳು ಕಟ್ಟುವ ಹೊತ್ತಿಗೆ ಕಿತ್ತುಬಿಡು, ಇಲ್ಲವಾದರೆ ಕಾಳು ತಿನ್ನುವ ಹಕ್ಕಿಗಳಿಗೆ ನೀನೇ ಮಣೆ ಹಾಕಿ ಕೂರಿಸಿದಂತೆ.

ಎಳ್ಳ ಅಮವಾಸ್ಯೆಗೆ ನಾವು ಚರಗ ಚೆಲ್ಲುವುದು ಯಾವಾಗ? ಕಡಲೆ ಕಾಯಿ ಕಟ್ಟಿ ಹುಳು ಏಳುವ ಹೊತ್ತಿಗೆ. ಕಡುಬು, ರೊಟ್ಟಿ ಚೂರು, ಅನ್ನ ಚೆಲ್ಲಿದರೆ ಹಕ್ಕಿ ಇಳಿಯುತ್ತದೆ, ಇಳಿದದ್ದು ಹುಳುವನ್ನೂ ಹೆಕ್ಕುತ್ತದೆ. ನಮ್ಮ ಕಡೆ ಕೆಲವರು ಆಮೇಲೆಯೂ ನಾಲ್ಕು ದಿನಕ್ಕೊಮ್ಮೆ ಸಾಲಿನ ನಡುವೆ ಚುರುಮುರಿ ಎರಚುತ್ತಾರೆ. ಎಣ್ಣೆ ಪೂರ್ತಿ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನ ಹೊಲದಲ್ಲಿ ಮೂರು ಸಲ ಹೊಡೆಯುವುದು ಒಂದು ಸಲಕ್ಕೆ ಇಳಿದಿದೆ. ಮೋಡ ಮುಸುಕಿದ ವರ್ಷ ಎರಡು.

ವಯಸ್ಸಾದವನು, ಒಂದು ಮಾತು ಹೆಚ್ಚು ಬರೆಯುತ್ತೇನೆ. ಹುಡುಗನಾಗಿದ್ದಾಗ ನಮ್ಮ ಎರೆ ಹೊಲದಲ್ಲಿ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನಡೆದು ಹೋಗುವುದನ್ನು ನೋಡಿದ್ದೇನೆ. ಆಗ ನನ್ನ ಎದೆಯ ಎತ್ತರ ಇತ್ತು. ಹೆಜ್ಜೆ ಎಣಿಸಿ ಇಡುವ ಗೌಡರ ನಡಿಗೆ. ಬರಿನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ ಅದು. ಇಡೀ ಕರ್ನಾಟಕದಲ್ಲಿ ಈಗ ಉಳಿದಿರುವುದು ಕೈಬೆರಳೆಣಿಕೆಯಷ್ಟು, ಅವೂ ನಮ್ಮ ಸಿರುಗುಪ್ಪದ ಕಡೆಯಲ್ಲೇ. ಕಾಲುವೆ ಬಂತು, ಮೆಣಸಿನಕಾಯಿ ಬಂತು, ಭತ್ತ ಬಂತು, ಮೇಲೆ ದೊಡ್ಡ ತಂತಿಗಳು ಬಂದವು. ತಂತಿ ಅದಕ್ಕೆ ಎದುರಿನಿಂದ ಕಾಣುವುದಿಲ್ಲವಂತೆ, ಹಾರುತ್ತ ಹೋಗಿ ಬಡಿದು ಸಾಯುತ್ತದೆ. ಯಾರಿಗಾದರೂ ಕಂಡರೆ ಜಾಗದ ಹೆಸರನ್ನು ಮೊಬೈಲ್‌ನಲ್ಲಿ ಹಂಚಬೇಡಿ, ಅಷ್ಟು ಉಪಕಾರ ಮಾಡಿ.


ಹೆಸರು ಬಿತ್ತಿ ಕೆಟ್ಟವ (ಯಲಬುರ್ಗಾ)

ನಿಮ್ಮೆಲ್ಲರ ಹೊಲಕ್ಕೂ ಒಂದು ರಾತ್ರಿ ಚಿಗರಿ ಹಿಂಡು ಬಂದು ಹೋಗಲಿ, ಆಮೇಲೆ ಈ ಚರ್ಚೆ ಮುಂದುವರಿಸೋಣ.

ಮೂರು ಎಕರೆ ಹೆಸರು ಬಿತ್ತಿದ್ದೆ. ಇಪ್ಪತ್ತು ದಿನದ ಪೈರು, ನೋಡಲು ಎರಡು ಕಣ್ಣು ಸಾಲದು. ಒಂದು ರಾತ್ರಿ ಮಗಳಿಗೆ ಜ್ವರವೆಂದು ಕಾವಲಿಗೆ ಹೋಗಲಿಲ್ಲ. ಬೆಳಿಗ್ಗೆ ಹೋದರೆ ತುದಿಯೆಲ್ಲ ಕತ್ತರಿಯಲ್ಲಿ ಕತ್ತರಿಸಿದಂತೆ ಸಮನಾಗಿತ್ತು. ಹಿಂಡು ಇನ್ನೂ ಆಚೆ ಹೊಲದಲ್ಲೇ ನಿಂತು ಮೆಲುಕು ಹಾಕುತ್ತಿತ್ತು, ನಲವತ್ತಕ್ಕೆ ಕಡಿಮೆ ಇರಲಿಲ್ಲ. ಪರಿಹಾರಕ್ಕೆ ಅರ್ಜಿ ಕೊಟ್ಟೆ. ಫೋಟೊ, ಪಹಣಿ, ಆಧಾರ್, ಮತ್ತೆ ಫೋಟೊ. ವರ್ಷ ಕಳೆದ ಮೇಲೆ ಬಂದ ಹಣ ಬೀಜಕ್ಕೂ ಸಾಲಲಿಲ್ಲ. ಕೃಷ್ಣಮೃಗ ವನ್ಯಜೀವಿ ಕಾನೂನಿನ ಮೊದಲ ಅನುಸೂಚಿಯ ಪ್ರಾಣಿ, ಮುಟ್ಟುವಂತಿಲ್ಲ. ಮುಟ್ಟಬೇಕೆಂದು ನನಗೂ ಇಲ್ಲ. ನಮ್ಮ ಮನೆಯಲ್ಲಿ ಇರುವೆಗೂ ಸಕ್ಕರೆ ಹಾಕುವ ಜನ. ಆದರೆ ಅವುಗಳ ಮೇವಿನ ಖರ್ಚು ನಾನೊಬ್ಬನೇ ಏಕೆ ಕೊಡಬೇಕು? ಇದಕ್ಕೆ ಉತ್ತರ ಹೇಳುವವರು ಯಾರೂ ಇಲ್ಲ.

ಹಾಗೆಂದು ಸುಳ್ಳು ಹೇಳಲಾರೆ. ಮಾಸ್ತರರೇ, ಚಿಗರಿ ಬದುವಿನಲ್ಲಿ ಅಡಗುವ ಪ್ರಾಣಿಯಲ್ಲ. ಅದಕ್ಕೆ ನಾಲ್ಕೂ ದಿಕ್ಕು ಕಾಣಬೇಕು, ಪೊದೆ ಕಂಡರೆ ಅದಕ್ಕೆ ಅನುಮಾನ. ನೀವು ಬದು ಕೆಡವಿದರೆ ಅದಕ್ಕೆ ಬಯಲು ಇನ್ನಷ್ಟು ದೊಡ್ಡದಾಗುತ್ತದೆ. ಅಡಗುವುದು ಹಂದಿ, ಅದೂ ಬಳ್ಳಾರಿ ಜಾಲಿಯಲ್ಲಿ. ನಿಮ್ಮ ತಮ್ಮನ ಸಿಟ್ಟು ಸರಿ, ಗುರಿ ತಪ್ಪಿದೆ.

ನಾನು ಈಗ ಕಡಲೆಯ ಸುತ್ತ ಆರು ಸಾಲು ಕುಸುಬೆ ಹಾಕುತ್ತೇನೆ. ಮುಳ್ಳು ಬಲಿತ ಮೇಲೆ ಚಿಗರಿ ಮೂತಿ ಇಡಲು ಹಿಂದೆಮುಂದೆ ನೋಡುತ್ತದೆ. ಹಾರಿ ಬರುವವು ಬರುತ್ತವೆ, ಆದರೆ ಮೊದಲಿನಷ್ಟಿಲ್ಲ. ಕುಸುಬೆ ಎಣ್ಣೆಯೂ ಮನೆಗಾಯಿತು. ಮುಂಗಾರಿನ ಹೆಸರಿಗೆ ಮಾತ್ರ ರಾತ್ರಿ ಕಾವಲು ಬಿಟ್ಟರೆ ನನಗೆ ಬೇರೆ ದಾರಿ ಸಿಕ್ಕಿಲ್ಲ. ಮನೆಯ ಕರೆಂಟನ್ನೇ ಬೇಲಿಯ ತಂತಿಗೆ ಕೊಡುವವರಿದ್ದಾರೆ. ಅದು ಅಪರಾಧ, ಅದರ ಮೇಲೆ ಮೊದಲು ಸಾಯುವುದು ಬೆಳಿಗ್ಗೆ ನೀರು ಬಿಡಲು ಹೋಗುವ ಮನೆಯ ಮನುಷ್ಯ.


ಎರೆಹೊಲದವ (ಕುಕನೂರು), ಶುಕ್ರವಾರ

ಯಲಬುರ್ಗಾದ ಅಣ್ಣನವರೇ, ನಿಮ್ಮ ಉತ್ತರವನ್ನು ತಮ್ಮನಿಗೆ ಓದಿ ಹೇಳಿದೆ. “ಇವರು ರೈತರು” ಎಂದ. ಉಳಿದವರು ಯಾರೆಂದು ನಾನು ಕೇಳಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ. ನರಿ ನಮ್ಮ ಮನೆಯದೇನನ್ನೂ ತಿಂದಿಲ್ಲವಾದ್ದರಿಂದ ನನಗೆ ನರಿಯ ಮೇಲೆ ಪ್ರೀತಿ ಸುಲಭ, ಅಷ್ಟು ಮಾತ್ರ ಗೊತ್ತು.

ಸಿರುಗುಪ್ಪದ ಹಿರಿಯರಿಗೆ ಶರಣು. 2009ರ ಮಳೆಯ ಮಾತು ಬಂದ ಕೂಡಲೇ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಆ ವರ್ಷ ಕೆಳಗಿನ ಹೊಲದವರ ಕಡಲೆ ಹೂತುಹೋಯಿತು, ನಮ್ಮದು ಉಳಿಯಿತು ಎಂದು ಅವಳಿಗೆ ನೆನಪಿದೆ. ತಮ್ಮ ಏನೂ ಮಾತಾಡಲಿಲ್ಲ. ಜೆಸಿಬಿಯನ್ನು ಬೇಡವೆಂದೂ ಹೇಳಿಲ್ಲ.


ಹೊಂಡದ ದಂಡೆ (ಕನಕಗಿರಿ)

ಅಣ್ಣಾ, ನಿಮ್ಮ ನರಿಯ ಮಾತು ಓದಿ ಬರೆಯುತ್ತಿದ್ದೇನೆ. ನಮ್ಮ ಹೊಲದಲ್ಲಿ ಕೃಷಿ ಹೊಂಡ ಇದೆ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದು. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೋಟಾರ್ ಹಾಕಲು ಹೋದಾಗ ನೀರಿನಲ್ಲಿ ನರಿ ತೇಲುತ್ತಿತ್ತು. ನೀರು ಕುಡಿಯಲು ಇಳಿದಿದೆ, ಹತ್ತಲು ಆಗಿಲ್ಲ. ಹಾಳೆಯ ಮೇಲೆ ನೀರಿನಿಂದ ಒಂದು ಗೇಣು ಮೇಲಿನವರೆಗೆ ಉಗುರಿನ ಗೆರೆಗಳಿದ್ದವು. ಒಂದು ಕಡೆ ಅಲ್ಲ, ನಾಲ್ಕೂ ಕಡೆ. ರಾತ್ರಿಯಿಡೀ ಸುತ್ತು ಹಾಕಿದೆ ಎಂದಾಯಿತು. ನಮ್ಮ ಮನೆಯವರು ಅದನ್ನು ಎತ್ತಿ ಹೂತರು. ನಾನು ಆ ದಿನ ಹೊಂಡದ ನೀರನ್ನು ಯಾವುದಕ್ಕೂ ಬಳಸಲಿಲ್ಲ.

ಈಗ ನಾಲ್ಕೂ ಮೂಲೆಯಲ್ಲಿ ಹಳೆಯ ಟೈರುಗಳನ್ನು ಹಗ್ಗದಲ್ಲಿ ಸಾಲಾಗಿ ಕಟ್ಟಿ, ದಂಡೆಯ ಗೂಟದಿಂದ ತಳದವರೆಗೆ ಇಳಿಬಿಟ್ಟಿದ್ದೇವೆ. ನೀರು ಎಷ್ಟೇ ಇಳಿದರೂ ಕಾಲಿಡಲು ಮೆಟ್ಟಿಲು ಇರುತ್ತದೆ. ಹಗ್ಗವನ್ನು ಗೂಟಕ್ಕೆ ಕಟ್ಟುವಾಗ ಹಾಳೆ ಹರಿಯದಂತೆ ಕೆಳಗೆ ಗೋಣಿಚೀಲ ಮಡಿಸಿ ಇಡಬೇಕು; ಮೊದಲ ಸಲ ನಾವು ಇಡದೆ ಹಾಳೆಗೆ ತೇಪೆ ಹಾಕಿಸಬೇಕಾಯಿತು. ಹೊಂಡದ ಹೊರಗೆ ನೆಲದ ಮಟ್ಟಕ್ಕೆ ಒಂದು ಸಿಮೆಂಟ್ ಬಾನಿ ಹೂತಿದ್ದೇವೆ, ಮೋಟಾರ್ ಹಾಕಿದಾಗ ಅದೂ ತುಂಬುತ್ತದೆ. ಪ್ರಾಣಿಗಳು ಈಗ ಒಳಗೆ ಇಳಿಯುವುದೇ ಅಪರೂಪ. ಬೇಸಿಗೆಯಲ್ಲಿ ಕವಜುಗ ಹಕ್ಕಿಗಳು ಮರಿ ಕಟ್ಟಿಕೊಂಡು ಸಾಲಾಗಿ ಬರುತ್ತವೆ. ಹೊಂಡ ಇರುವವರು ದಯವಿಟ್ಟು ಇಷ್ಟು ಮಾಡಿ, ಐನೂರು ರೂಪಾಯಿ ಕೂಡ ಖರ್ಚಾಗುವುದಿಲ್ಲ.

ನಿಮ್ಮ ಗುದ್ದು ನರಿಯದೇ ಎಂದು ಖಚಿತವೇ ಅಣ್ಣಾ? ಸಂಜೆ ಬಾಯಿಯ ಮುಂದೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಬೆಳಿಗ್ಗೆ ಹೋಗಿ ನೋಡಿ. ನರಿಯ ಹೆಜ್ಜೆ ಸಣ್ಣ ನಾಯಿಯ ಹೆಜ್ಜೆಯ ಹಾಗೆ, ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ. ಹೆಜ್ಜೆ ಅಗಲವಾಗಿದ್ದು, ಹಿಂದೆ ಪೊರಕೆ ಎಳೆದಂತೆ ಗೀರುಗಳಿದ್ದರೆ ಅದು ಬೇರೆಯವರ ಮನೆ.


ರಂಟೆ ಬಿಟ್ಟವ (ರಾಯಚೂರು)

ಮೂವತ್ತೊಂದು ವರ್ಷ ಕೃಷಿ ಸಹಾಯಕನಾಗಿ ಹಳ್ಳಿ ಸುತ್ತಿದವನು ನಾನು. ನೌಕರಿಯಲ್ಲಿದ್ದಾಗ ಬದು ಒಪ್ಪಮಾಡಿ, ಕಸ ಸುಡಿ ಎಂದು ನಾನೂ ಹೇಳಿದ್ದೇನೆ. ಅದರ ಪಾಪಕ್ಕೆ ಇಷ್ಟು ಬರೆಯುತ್ತೇನೆ.

ಮೊದಲು ಹಕ್ಕಿ. ಅದು ಹದ್ದಲ್ಲ, ಸೆಳೆವ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುತ್ತದೆ. ಬೂದು ಬಣ್ಣದ್ದು ಗಂಡು, ಕಂದು ಬಣ್ಣದ್ದು ಹೆಣ್ಣು. ತೇಲುತ್ತ ಹುಡುಕುವುದು ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು. ರಾತ್ರಿ ಮರದ ಮೇಲೆ ಮಲಗುವುದಿಲ್ಲ, ಹುಲ್ಲಿನಲ್ಲಿ ನೆಲದ ಮೇಲೆಯೇ ಗುಂಪಾಗಿ ಮಲಗುತ್ತದೆ. ಹಾಗಾಗಿ ಗೋಮಾಳದ ಹುಲ್ಲಿಗೆ ಬೆಂಕಿ ಬಿದ್ದರೆ ಅದಕ್ಕೆ ಮಲಗುವ ಮನೆಯೇ ಹೋಯಿತು.

ಇಲಿಯ ವಿಷಯದಲ್ಲಿ ತಮ್ಮನ ಮಾತು ಪೂರ್ತಿ ತಪ್ಪಲ್ಲ, ಆದರೆ ಅದು ಭತ್ತದ ಮಾತು. ಗಂಗಾವತಿ, ಕಾರಟಗಿ, ಸಿಂಧನೂರಿನ ಗದ್ದೆಗಳಲ್ಲಿ ಬದು ಅಗಲವಾದಷ್ಟೂ ಇಲಿಗೆ ಬಿಲ ತೋಡಲು ಅನುಕೂಲ. ಅಲ್ಲಿ ಬದುವನ್ನು ಸಣ್ಣದಾಗಿ, ಕಸವಿಲ್ಲದೆ ಇಡಿ ಎಂದು ಇಂದಿಗೂ ಹೇಳುತ್ತೇನೆ. ಸುತ್ತಲೂ ನೀರು ನಿಂತಿರುವಾಗ ಒಣಗಿದ ಜಾಗ ಅದೊಂದೇ ತಾನೆ. ನಿಮ್ಮದು ಒಣಬೇಸಾಯ. ಇಲಿ ಎರೆಯ ಬಿರುಕಿನಲ್ಲಿಯೂ ಇರುತ್ತದೆ, ಕಣಿಕೆಯ ಬಣವೆಯಲ್ಲಿಯೂ ಇರುತ್ತದೆ. ಅದನ್ನು ಹಿಡಿಯುವ ಕೇರೆ ಹಾವು, ಮುಂಗುಸಿ, ನರಿ, ಗೂಬೆಗಳಿಗೆ ಮಾತ್ರ ಬದು ಬೇಕು.

ಬದುವಿಗಿಂತ ನನಗೆ ಹೆದರಿಕೆ ಇಲಿ ಪಾಷಾಣದ್ದು. ಬ್ರೊಮಾಡಿಯೊಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ನಾಲ್ಕೈದು ದಿನ ಮಂಕಾಗಿ, ಹಗಲಲ್ಲಿಯೂ ಬಯಲಲ್ಲಿ ತೂರಾಡುತ್ತಿರುತ್ತದೆ. ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಯಾವುದಿದೆ? ಇಲಿಯ ಹೊಟ್ಟೆಯ ವಿಷ ಗೂಬೆಯ ಹೊಟ್ಟೆಗೆ ಹೋಗುತ್ತದೆ. ಗೂಬೆ ಸತ್ತ ಊರಿನಲ್ಲಿ ಮುಂದಿನ ವರ್ಷ ಪಾಷಾಣ ಇನ್ನೂ ಎರಡು ಪೊಟ್ಟಣ ಹೆಚ್ಚು ಬೇಕಾಗುತ್ತದೆ, ಅಂಗಡಿಯವರಿಗೆ ಲಾಭ. ಹಾಕಲೇಬೇಕಾದರೆ ಬಿಲದೊಳಗೆ ಹಾಕಿ ಬಾಯಿ ಮುಚ್ಚಿ, ಸತ್ತ ಇಲಿಗಳನ್ನು ಹುಡುಕಿ ಹೂಳಿ. ಮೇಲಾದದ್ದು ಬಲೆ, ಬೋನು. ನಾಲ್ಕು ಮೊಳದ ಗಳಕ್ಕೆ ಅಡ್ಡ ಕೋಲು ಕಟ್ಟಿ ಹೊಲದ ನಡುವೆ ನೆಟ್ಟರೆ ಗೂಬೆ ರಾತ್ರಿ ಬಂದು ಕೂರುತ್ತದೆ. ಗೂಬೆ ಕೂತರೆ ಅಪಶಕುನ ಎನ್ನುವವರಿಗೆ ಅದನ್ನು ಮನೆಯಿಂದ ದೂರ ನೆಡಲು ಹೇಳಿ.

ಈಗ ಜೆಸಿಬಿ. ಅದನ್ನು ಬೇಡವೆನ್ನಬೇಡಿ, ಜಾಲಿಗೆ ಹಚ್ಚಿ. ಬಳ್ಳಾರಿ ಜಾಲಿ ಎಂದು ನಮ್ಮ ಪಕ್ಕದ ಜಿಲ್ಲೆಯ ಹೆಸರು ಹೊತ್ತಿದ್ದರೂ ಅದು ಅಮೆರಿಕ ಖಂಡದ ಗಿಡ, ನಮ್ಮದಲ್ಲ. ಕೊಡಲಿಯಿಂದ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತವೆ. ಬುಡದ ಗಡ್ಡೆ ಸಹಿತ ಕಿತ್ತರೆ ಮಾತ್ರ ಹೋಗುತ್ತದೆ. ಕಿತ್ತ ಗುಂಡಿಗಳನ್ನು ಮಣ್ಣು ತುಂಬಿ ತುಳಿಸಿ, ಮಳೆಗೆ ಮೊದಲು ತಂಗಡಿ, ಬಾರಿ ಬೀಜ ಊರಿ. ಖಾಲಿ ಬಿಟ್ಟರೆ ನೀರು ಅಲ್ಲಿಂದಲೇ ಒಡೆದುಕೊಳ್ಳುತ್ತದೆ, ಬಿದ್ದ ಬೀಜದಿಂದ ಜಾಲಿಯೂ ಮತ್ತೆ ಏಳುತ್ತದೆ.

ಸೂರ್ಯಕಾಂತಿ ಹಾಕುವವರಿಗೆ ಒಂದೇ ಮಾತು. ಹೂ ಅರಳಿದಾಗ ಬೆಳಿಗ್ಗೆ ಎಣ್ಣೆ ಹೊಡೆಯಬೇಡಿ, ಜೇನು ಆಗಲೇ ಬರುವುದು. ತೀರ ಅಗತ್ಯವಿದ್ದರೆ ಇಳಿಹೊತ್ತಿನಲ್ಲಿ. ಜೇನು ಬರದ ಹೊಲದಲ್ಲಿ ಹೆಣ್ಣುಮಕ್ಕಳು ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದು ತೆನೆಯನ್ನೂ ಸವರುತ್ತ ಹೋಗುವುದನ್ನು ನೋಡಿದ್ದೇನೆ. ಕೋಲುಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಕೂಲಿ.


ಎರೆಹೊಲದವ (ಕುಕನೂರು), ಬಸವ ಜಯಂತಿಯ ಮರುದಿನ

ಏನಾಯಿತೆಂದು ಕೆಲವರು ಕೇಳಿದ್ದೀರಿ. ಬರೆಯಲು ನಾಚಿಕೆಯಾಗಿ ತಡಮಾಡಿದೆ.

ಶನಿವಾರ ಸಂಜೆ ಅವ್ವನ ಒಲೆಯ ಬೂದಿಯನ್ನು ಜರಡಿ ಹಿಡಿದು ಗುದ್ದಿನ ಬಾಯಿಗೆ ಹರಡಿ ಬಂದೆ. ರವಿವಾರ ಬೆಳಕು ಹರಿಯುವ ಮೊದಲೇ ಹೋದೆ, ತಮ್ಮನೂ ಜೊತೆಗೆ ಬಂದ. ಬೂದಿಯ ಮೇಲೆ ಅಗಲವಾದ ಹೆಜ್ಜೆ, ಸಣ್ಣ ಮಗುವಿನ ಪಾದದ ಹಾಗೆ. ಹಿಂದೆ ಪೊರಕೆ ಎಳೆದ ಗೀರುಗಳು. ನಾನು ಬಗ್ಗಿ ನೋಡುತ್ತಿರುವಾಗಲೇ ತಮ್ಮ ಬಾರಿ ಗಿಡದ ಮುಳ್ಳಿನ ನಡುವಿನಿಂದ ಒಂದು ಗೇಣುದ್ದದ, ಕಪ್ಪು ಬಿಳುಪು ಪಟ್ಟೆಯ ಮುಳ್ಳನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದ. ಮುಳ್ಳುಹಂದಿ. ಹೋದ ವರ್ಷ ನಮ್ಮ ಶೇಂಗಾದ ಎರಡು ಸಾಲುಗಳನ್ನು ಅಗೆದು ತಿಂದವರು ಯಾರೆಂದು ನಾವು ಮೂರು ತಿಂಗಳು ಚರ್ಚೆ ಮಾಡಿದ್ದೆವು. ಅವರ ಪರವಾಗಿ ನಾನು ಮನೆಯಲ್ಲಿ ವಕೀಲಿಕೆ ನಡೆಸುತ್ತಿದ್ದೆ.

ನರಿಯ ಹೆಜ್ಜೆಯೂ ಇತ್ತು, ಇಲ್ಲವೆಂದಲ್ಲ. ಬೂದಿಯ ಅಂಚನ್ನು ತುಳಿದು ಹಾಗೇ ಮುಂದೆ ಹೋಗಿದೆ. ಅದರ ಮನೆ ಎಲ್ಲಿದೆಯೋ.

ತಮ್ಮ ಅಲ್ಲಿಯೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗು ಮುಗಿದ ಮೇಲೆ ಮಾತು ಸುಲಭವಾಯಿತು. ಸೋಮವಾರ ಜೆಸಿಬಿ ಬಂತು. ಎರಡೂವರೆ ಗಂಟೆ, ಮೂರು ಸಾವಿರ ರೂಪಾಯಿ. ಜಾಲಿಯನ್ನೆಲ್ಲ ಗಡ್ಡೆ ಸಹಿತ ಕಿತ್ತು ದಾರಿಯ ಬದಿಗೆ ಹಾಕಿತು, ಅಷ್ಟು ಕಟ್ಟಿಗೆ ಎರಡು ವರ್ಷದ ಒಲೆಗಾಯಿತು. ಮಣ್ಣು ಮೇಲೆ ಬಿದ್ದ ಕೂಡಲೇ ಎಲ್ಲಿದ್ದವೋ ಗೊರವಂಕಗಳು, ಚಕ್ರದ ಹಿಂದೆಯೇ ನಡೆದವು. ಮೂಡಣ ತುದಿಯಲ್ಲಿ ಟ್ರ್ಯಾಕ್ಟರ್ ತಿರುಗಲೆಂದು ಹದಿನೈದು ಅಡಿ ಬದುವನ್ನು ತಮ್ಮ ಸಣ್ಣದು ಮಾಡಿಸಿದ. ಅದಕ್ಕೆ ನಾನು ಬಾಯಿ ಬಿಡಲಿಲ್ಲ. ಉಳಿದ ಬದು ಹಾಗೇ ಇದೆ. ಗುಂಡಿ ತುಂಬಿಸಿದ್ದೇವೆ, ಅವ್ವ ತಂಗಡಿ ಕಾಯಿ ಒಣಗಿಸುತ್ತಿದ್ದಾಳೆ. ಮುಳ್ಳನ್ನು ಅವಳೇ ತೆಗೆದುಕೊಂಡು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ, ಯಾಕೆಂದು ಕೇಳಿದರೆ ಹೇಳುವುದಿಲ್ಲ.

ಈ ಮುಂಗಾರಿಗೆ ಬದುವಿನ ಪಕ್ಕ ಸಜ್ಜೆ, ಶೇಂಗಾ ಮೇಲಿನ ತುದಿಗೆ ಎಂದು ನಿರ್ಧಾರವಾಗಿದೆ. ಹಿಂಗಾರಿಯ ಟೊಂಗೆಗಳ ವಿಷಯಕ್ಕೆ ತಮ್ಮ ಹೇಳಿದ್ದು ಇಷ್ಟು: “ಕಡಿದು ಇಡುವವನು ನಾನು. ನೆಡುವವನು ನೀನು, ತೂತು ಬಿದ್ದ ಕಾಯಿ ಎಣಿಸುವವನೂ ನೀನು. ಈ ಸಲ ನೆರಳಿಲ್ಲದ ಕಡೆ ಎಣಿಸು.”

ಸಿರುಗುಪ್ಪದ ಹಿರಿಯರೇ, ರಾಯಚೂರಿನ ಸರ್, ಯಾರಾದರೂ ಬಲ್ಲವರು ತಿಳಿಸಿ: ಮುಳ್ಳುಹಂದಿ ಶೇಂಗಾ ಬಿಟ್ಟರೆ ಮತ್ತೇನು ತಿನ್ನುತ್ತದೆ? ಒಂದು ಗುದ್ದಿನಲ್ಲಿ ಎಷ್ಟಿರುತ್ತವೆ? ತಮ್ಮ ಕೇಳುವ ಮೊದಲು ಉತ್ತರ ನನ್ನ ಬಳಿ ಇರಬೇಕು.